ಐದು ವೀಳ್ಯಕ್ಕೆ ನೂರಿಪ್ಪತ್ತು ದಾರಿ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನಮ್ಮ ಅಕ್ಕನ ಒಪ್ಪುವೀಳ್ಯದ ದಿನ ಗಂಡಿನ ಕಡೆಯವರು ಟವೆಲ್ಲು ಕೊಡವಿಕೊಂಡು ಎದ್ದು ನಿಂತದ್ದಕ್ಕೆ ಕಾರಣ ನಾನೇ. ಊರಿನವರು ಅದನ್ನು ಗ್ರಹಚಾರ ಅಂದರು, ಅಮ್ಮ ಕಣ್ಣು ತಾಗಿದ್ದು ಅಂದಳು, ಅಪ್ಪ ತಮಿಳುನಾಡಿನ ವಿದ್ಯಾಭ್ಯಾಸ ಪದ್ಧತಿ ಅಂದ. ಮೂವರದೂ ದೊಡ್ಡ ಮನಸ್ಸು. ನಿಜಸಂಗತಿ ಏನೆಂದರೆ, ಆಗ ನಾನು ತಮಿಳುನಾಡಿಗೆ ಸೇರಿದ ನಮ್ಮ ತಾಳವಾಡಿಯಲ್ಲಿ ಪ್ಲಸ್ ಒನ್, ಅಂದರೆ ಹನ್ನೊಂದನೆಯ ತರಗತಿ, ಓದುತ್ತಿದ್ದೆ ಮತ್ತು ಗಣಿತದ ಒಂದೇ ಒಂದು ಪಾಠ ನನಗೆ ಆಗತಾನೆ ಅರ್ಥವಾಗಿತ್ತು. ಗಣಿತ ಬಾರದವನಿಂದ ಲೋಕಕ್ಕೆ ಏನೂ ತೊಂದರೆಯಿಲ್ಲ, ಅವನು ಸುಮ್ಮನಿರುತ್ತಾನೆ. ಪೂರ್ತಿ ಬಂದವನೂ ಸುಮ್ಮನಿರುತ್ತಾನೆ. ಹೋದ ವಾರ ಬಂದವನಿದ್ದಾನಲ್ಲ, ಅವನನ್ನು ಮಾತ್ರ ಶುಭಕಾರ್ಯದ ಚಪ್ಪರದಿಂದ ದೂರ ಕಟ್ಟಿಹಾಕಬೇಕು.

ನನಗೆ ಗಣಿತ ಕಲಿಸಿದವರು ಆರ್ಮುಗಂ ಸಾರ್. ಬಯಲುಸೀಮೆಯವರು, ಬೆಟ್ಟದ ಕೆಳಗಿನವರು. ನಮ್ಮ ಬೆಟ್ಟಕ್ಕೆ ವರ್ಗವಾಗಿ ಬಂದವರು ದಿಂಬಂ ಘಾಟಿಯ ತಿರುವುಗಳಲ್ಲಿ ಹೊಟ್ಟೆಯೊಳಗಿದ್ದುದನ್ನೆಲ್ಲ ಒಂದೊಂದಾಗಿ ಕಾಡಿಗೆ ಒಪ್ಪಿಸಿ, ಮೇಲಿನ ಟೀ ಅಂಗಡಿಯಲ್ಲಿ ಎರಡು ಲೋಟ ಕುಡಿದು, ತಲೆಗೆ ಮಫ್ಲರು ಸುತ್ತಿಕೊಂಡರು. ಆ ಮಫ್ಲರನ್ನು ಮತ್ತೆ ಬಿಚ್ಚಿದ್ದನ್ನು ನಾನು ಕಂಡಿಲ್ಲ. ಬೇಸಿಗೆಯಲ್ಲೂ ಅವರಿಗೆ ಚಳಿ. ಅವರ ಕನ್ನಡ ನಮ್ಮೂರ ಮಕ್ಕಳಿಂದ ಕಲಿತದ್ದು, ಅದನ್ನು ಅವರು ತಮಿಳಿನ ಪಾತ್ರೆಯಲ್ಲಿ ಬೇಯಿಸಿ ಬಡಿಸುತ್ತಿದ್ದರು. ನಾನು ಪಂಚೆ ಎತ್ತಿ ಕಟ್ಟಿ, ಟವೆಲ್ಲನ್ನು ಕಿವಿಗೆ ಸುತ್ತಿ, ಎಡಮೊಣಕೈಯಿಂದ ಬೋರ್ಡು ಒರೆಸುತ್ತ “ಏನಪ್ಪಾ, ಪುರಿಂಜುದಾ?” ಎಂದು, ಅಂದರೆ ಅರ್ಥವಾಯಿತಾ ಎಂದು, ಕೇಳಿದರೆ ಶಾಲೆಯ ದಾರಿಯ ಇಡೀ ಬಸ್ಸೇ ಬಿದ್ದು ಬಿದ್ದು ನಗುತ್ತಿತ್ತು. ನಾನು ಅಣಕಿಸದೆ ಬಿಟ್ಟವರು ಯಾರೂ ಇಲ್ಲ. ಕಂಡಕ್ಟರು ಸೀಟಿ ಊದುವ ಮೊದಲು ಹಲ್ಲಿನ ಸಂದಿಯಿಂದ ಎಲೆ ಅಡಿಕೆ ತೆಗೆಯುವುದು, ನಮ್ಮಪ್ಪ ಎತ್ತು ಕೊಳ್ಳುವಾಗ ಎತ್ತಿಗಿಂತ ಹೆಚ್ಚು ಬುಸುಗುಡುವುದು, ಕೊನೆಗೆ ಅಪ್ಪ ಕೆಲಸಕ್ಕೆ ಕರೆದಾಗ ನಾನೇ ಪುಸ್ತಕ ತೆಗೆದು ತುಟಿ ಆಡಿಸುವುದು, ಎಲ್ಲವೂ ನನ್ನ ಆಟದಲ್ಲಿತ್ತು. ಕೊನೆಯದನ್ನು ಕಂಡರೆ ಅಮ್ಮನಿಗೆ ಬಹಳ ಸಂತೋಷ.

ಆ ವರ್ಷ ಸಾರ್ ಪರ್ಮುಟೇಷನ್ನು, ಕಾಂಬಿನೇಷನ್ನು, ಬೈನಾಮಿಯಲ್ ಥಿಯರಂ ಎಂಬ ಮೂರನ್ನು ಒಂದರ ಹಿಂದೆ ಒಂದು ನಮ್ಮ ಮೇಲೆ ಬಿಟ್ಟರು. ಮೊದಲು ಬಂದದ್ದು ಫ್ಯಾಕ್ಟೋರಿಯಲ್. ಐದು ಬರೆದು ಪಕ್ಕದಲ್ಲಿ ಆಶ್ಚರ್ಯದ ಗುರುತು ಹಾಕಿದರು. ನಾನು ಎದ್ದು ಅದನ್ನು ಓದಬೇಕಾಯಿತು. ಕನ್ನಡ ಪಂಡಿತರು ಆ ಗುರುತನ್ನು ಹೇಗೆ ಓದಬೇಕೆಂದು ಹೇಳಿಕೊಟ್ಟಿದ್ದರೋ ಹಾಗೆಯೇ ಹುಬ್ಬು ಎತ್ತಿ, ಎದೆಯ ಮೇಲೆ ಕೈಯಿಟ್ಟು “ಐದೂ, ಅಯ್ಯಯ್ಯಪ್ಪ” ಎಂದು ಓದಿದೆ. ಸಾರ್ ಚಾಕ್‌ಪೀಸು ಕೆಳಗಿಟ್ಟರು. ಸಿಟ್ಟಾಗಬಹುದು ಎಂದುಕೊಂಡಿದ್ದೆ. ಅವರು ಮಫ್ಲರು ಸರಿಮಾಡಿಕೊಂಡು ಹೇಳಿದರು: “ತಪ್ಪಿಲ್ಲಪ್ಪಾ. ಐದು, ನಾಲ್ಕು, ಮೂರು, ಎರಡು, ಒಂದು, ಎಲ್ಲಾ ಗುಣಿಸಿದ್ರೆ ನೂರಿಪ್ಪತ್ತು. ಐದು ಜನ ಬೆಂಚಲ್ಲಿ ಕೂರೋಕೆ ನೂರಿಪ್ಪತ್ತು ತರ. ಅಯ್ಯಯ್ಯಪ್ಪ ಅನ್ನಬೇಕಾದ್ದೇ.” ಅಂದಿನಿಂದ ನಮ್ಮ ತರಗತಿಯಲ್ಲಿ ಆ ಗುರುತಿನ ಹೆಸರು ಅದೇ ಆಯಿತು. ಸೊನ್ನೆ ಅಯ್ಯಯ್ಯಪ್ಪ ಸಮ ಒಂದು ಎಂದು ಅವರೇ ಒಮ್ಮೆ ಬಾಯಿತಪ್ಪಿ ಹೇಳಿ ಬೋರ್ಡಿನ ಕಡೆ ತಿರುಗಿಕೊಂಡರು. ಬೆನ್ನು ಕುಲುಕುತ್ತಿತ್ತು.

ತೊಂದರೆ ಶುರುವಾದದ್ದು ಕಾಂಬಿನೇಷನ್ನಿನಿಂದ. ಪರ್ಮುಟೇಷನ್ನಿಗೂ ಅದಕ್ಕೂ ಏನು ವ್ಯತ್ಯಾಸವೆಂದು ಕೇಳಿದರೆ ಸಾರ್ ಒಂದೇ ಮಾತು ಹೇಳುತ್ತಿದ್ದರು: “ವರಿಸೆ ಮುಖ್ಯಮಾ, ಮುಖ್ಯ ಇಲ್ಲಯಾ? ಅದನ್ನ ಮೊದಲು ಕೇಳು. ಆಮೇಲೆ ಪೆನ್ನು ತೆಗಿ.” ವರಿಸೆ ಎಂದರೆ ಸರದಿ. ಹಿಂದುಮುಂದು ಮಾಡಿದರೆ ಬೇರೆಯಾಗುವುದಾದರೆ ಅದು ಪರ್ಮುಟೇಷನ್, ಹೇಗಿಟ್ಟರೂ ಅದೇ ಆದರೆ ಕಾಂಬಿನೇಷನ್. ಮೊದಲು ಅಂಗಿ, ಆಮೇಲೆ ಬನಿಯನ್ನು ಹಾಕಿಕೊಂಡವನು ಪರ್ಮುಟೇಷನ್ ತಪ್ಪಿದವನು. ಚೀಲದಲ್ಲಿ ಮೊದಲು ಬದನೆ ಬಿದ್ದರೂ ಹುರುಳಿ ಬಿದ್ದರೂ ಸಾರಿಗೆ ವ್ಯತ್ಯಾಸವಿಲ್ಲ, ಅದು ಕಾಂಬಿನೇಷನ್. ಇಷ್ಟು ಸುಲಭ. ಆದರೆ ಪರೀಕ್ಷೆಯಲ್ಲಿ ಬಂದದ್ದು ಬದನೆಯೂ ಅಲ್ಲ, ಬನಿಯನ್ನೂ ಅಲ್ಲ. ಎಂಟು ಜನರಿಂದ ಮೂವರ ಒಂದು ಸಮಿತಿಯನ್ನು ಎಷ್ಟು ವಿಧದಲ್ಲಿ ಆರಿಸಬಹುದು ಎಂದು ಕೇಳಿದ್ದರು. ನಾನು ಪಣಕಹಳ್ಳಿಯಲ್ಲಿ ಹುಟ್ಟಿ ಬೆಳೆದವನು. ತಮ್ಮ ಹೆಸರನ್ನು ಯಾವ ಸರದಿಯಲ್ಲಿ ಹೇಳಿದರೂ ಒಂದೇ ಎನ್ನುವ ಮೂವರನ್ನು ಈ ಕಣ್ಣಿನಿಂದ ನೋಡಿಯೇ ಇಲ್ಲ. ಆದ್ದರಿಂದ ಮುನ್ನೂರ ಮೂವತ್ತಾರು ಎಂದು ಬರೆದು, ಸಾರ್‌ಗೆ ಅನುಮಾನ ಉಳಿಯಬಾರದೆಂದು ಕೆಳಗೆ ವಿವರಣೆಯನ್ನೂ ಕೊಟ್ಟೆ: “ಮೊದಲ ಹೆಸರಿನವನು ನಡುವೆ ಕೂರುವನು. ಎರಡನೆಯವನು ಅವನ ಬಲಕ್ಕೆ. ಮೂರನೆಯವನು ಕೋಪಿಸಿಕೊಂಡು ಮನೆಗೆ ಹೋಗುವನು.”

ಸರಿಯಾದ ಉತ್ತರ ಐವತ್ತಾರಂತೆ. ಸಾರ್ ನನ್ನ ವಿವರಣೆಯನ್ನು ತರಗತಿಗೆಲ್ಲ ಓದಿದರು, ಹುಡುಗಿಯರ ಕಡೆ ತಿರುಗಿ ಎರಡನೆಯ ಸಲವೂ ಓದಿದರು. ಆಮೇಲೆ ನನ್ನನ್ನು ನಿಲ್ಲಿಸಿ ಹೇಳಿದರು: “ಇದು ಗಣಿತಮಪ್ಪಾ, ನಿಮ್ಮ ಊರಲ್ಲ. ಗಣಿತದಲ್ಲಿ ಯಾರೂ ಕೋಪ ಮಾಡಲ್ಲ. ಆರಿಸಿದ್ರೆ ಆಯ್ತು. ವರಿಸೆ ಇಲ್ಲ.” ಆ ಮಾತು ನನ್ನೊಳಗೆ ದೀಪ ಹಚ್ಚಿದ ಹಾಗೆ ಹೋಗಿ ಕೂತಿತು. ಯಾರೂ ಕೋಪ ಮಾಡದ ಒಂದು ದೇಶವಿದೆ, ಅಲ್ಲಿ ಎಂಟು ಜನ ಗಂಡಸರು ಸಾಲಾಗಿ ನಿಂತಿದ್ದಾರೆ, ಯಾವ ಮೂವರನ್ನು ಹೇಗೆ ಕರೆದರೂ ನಗುನಗುತ್ತ ಬರುತ್ತಾರೆ. ನನಗೆ ಆ ದೇಶದ ಮೇಲೆ ಪ್ರೀತಿಯಾಗಿಬಿಟ್ಟಿತು. ಮಾರನೆಯ ವಾರ ಕಂಡದ್ದೆಲ್ಲ ಕಾಂಬಿನೇಷನ್. ಅಮ್ಮ ಮೊದಲು ಮುದ್ದೆ ಬಡಿಸಿ ಆಮೇಲೆ ಸಾರು ಬಿಟ್ಟರೆ “ಸರದಿ ಮುಖ್ಯ ಇಲ್ಲಮ್ಮ” ಎನ್ನುತ್ತಿದ್ದೆ. ಒಂದು ದಿನ ಸಾರು ಮೊದಲು ಬಿಟ್ಟು, ಮುದ್ದೆಯನ್ನು ಮೇಲಿನಿಂದ ಎತ್ತಿ ಹಾಕಿದಳು. ಅಂಗಿಯೆಲ್ಲ ಸಾರು. “ಈಗ ಮುಖ್ಯನ?” ಎಂದು ಕೇಳಿ ಒಳಗೆ ಹೋದಳು. ಅಷ್ಟಾದರೂ ಬುದ್ಧಿ ಬರಬೇಕಿತ್ತು.

ಬೈನಾಮಿಯಲ್ ಥಿಯರಮ್ಮೂ ಅದೇ ಸುಮಾರಿಗೆ ಬಂತು. ಎ ಮತ್ತು ಬಿ ಎಂಬಿಬ್ಬರನ್ನು ಒಂದು ಬ್ರಾಕೆಟ್ಟಿನಲ್ಲಿ ಕೂಡಿಹಾಕಿ ವರ್ಗ ಮಾಡಿದರೆ ಎ ವರ್ಗ, ಬಿ ವರ್ಗ ಅಷ್ಟೇ ಬರಬೇಕೆಂದು ನಾವೆಲ್ಲ ನಂಬಿದ್ದೆವು. ನಡುವೆ ಎರಡು ಎಬಿ ಎಲ್ಲಿಂದ ಹುಟ್ಟಿತೋ ಒಬ್ಬರಿಗೂ ತಿಳಿಯಲಿಲ್ಲ. ಸಾರ್ ಬೆವರು ಸುರಿಸಿ ವಿವರಿಸಿದರು. ಕೊನೆಗೆ ನನಗೆ ಹೊಳೆದದ್ದು ನಮ್ಮ ಅಡುಗೆಮನೆ ನೋಡಿ. ಎ ನಮ್ಮಜ್ಜಿ, ಬಿ ನಮ್ಮಮ್ಮ. ಬೇರೆಬೇರೆ ಇದ್ದಾಗ ಇಬ್ಬರೂ ಬಂಗಾರದಂಥವರು. ಒಂದೇ ಸೂರಿನ ಕೆಳಗೆ ಕೂಡಿಸಿದಿರೋ, ಅವಳಿಂದ ಇವಳಿಗೊಂದು, ಇವಳಿಂದ ಅವಳಿಗೊಂದು, ನಡುವೆ ಎರಡು ಎಬಿ. ಘಾತ ಹೆಚ್ಚಿದಷ್ಟೂ ಎರಡು ತುದಿಯಲ್ಲಿ ಒಬ್ಬೊಬ್ಬರೇ ಶುದ್ಧವಾಗಿ ನಿಂತಿರುತ್ತಾರೆ, ನಡುವಿನ ರಾಮಾಯಣ ಮಾತ್ರ ಬೆಳೆಯುತ್ತಲೇ ಹೋಗುತ್ತದೆ. ಐದನೆಯ ಘಾತಕ್ಕೆ ಒಂದು, ಐದು, ಹತ್ತು, ಹತ್ತು, ಐದು, ಒಂದು. ಈ ಮದುವೆ ಎನ್ನುವುದಿದೆಯಲ್ಲ, ಅದೂ ಇದೇ. ನಮ್ಮ ಕಡೆ ಒಂದು, ಅವರ ಕಡೆ ಒಂದು. ಉಳಿದದ್ದೆಲ್ಲ ನಡುವಿನದು.

ಆ ಮದುವೆಗೆ ಬರುತ್ತೇನೆ. ನಮ್ಮ ಗೌರಕ್ಕನನ್ನು ನೋಡಲು ಮೊದಲು ಬಂದ ಗಂಡು ತಲೆಯನ್ನೇ ಎತ್ತಲಿಲ್ಲ, ಎರಡನೆಯದು ತಲೆಯನ್ನೇ ಇಳಿಸಲಿಲ್ಲ. ಇಬ್ಬರನ್ನೂ ಅಕ್ಕ ಬೇಡವೆಂದಳು. ಮೂರನೆಯವನು ತಿಗನಾರೆ ಊರಿನ ಶಿವಣ್ಣ. ಹೊಲದ ಕಾವಲಿಗೆ ಹೋಗಿ ಕೂಗಿ ಕೂಗಿ ಗಂಟಲು ಕಟ್ಟಿಕೊಂಡಿದ್ದ ಒಳ್ಳೆಯ ಹುಡುಗ. ಏನಾದರೂ ಕೇಳುವುದಿದ್ದರೆ ಕೇಳಮ್ಮ ಎಂದು ದೊಡ್ಡವರು ಅಕ್ಕನಿಗೆ ಹೇಳಿದರು. ಇಂಥ ಹೊತ್ತಿನಲ್ಲಿ ಹುಡುಗಿಯರು ಏನೂ ಕೇಳುವುದಿಲ್ಲ, ಅದು ಎಲ್ಲರಿಗೂ ಗೊತ್ತು. ಅಕ್ಕ ಕೇಳಿದಳು: “ನಿಮ್ಮ ಜೋಳದ ಒಲಕ್ಕೆ ಆನೆ ಬಂದ್ರ ನಿಂತ್ಕತೀರಾ, ಓಡ್ತೀರಾ?” ಶಿವಣ್ಣ ಸ್ವಲ್ಪವೂ ಯೋಚಿಸದೆ “ಓಡ್ತೀನಿ” ಎಂದ. ಅವನ ಕಡೆಯವರು ನಾಚಿಕೊಂಡು ಟವೆಲ್ಲಿನಿಂದ ಬಾಯಿ ಒರೆಸಿಕೊಂಡರು. ಅಕ್ಕ ಒಳಗೆ ಬಂದು ಅಮ್ಮನಿಗೆ ಹೇಳಿದಳು: “ಇವ್ರೇ ಆಗ್ಲಿ. ಸುಳ್ಳೇಳಲ್ಲ, ಬದುಕಿರ್ತಾರ.” ಅಂದಿನಿಂದ ಅವಳು ಹಸುವಿಗೆ ಹುಲ್ಲು ಹಾಕುವಾಗಲೂ ಏನೋ ಗುನುಗುತ್ತಿದ್ದಳು. ಇದೂ ಮುರಿದುಬಿದ್ದರೆ ನಾಲ್ಕನೆಯವನ ಮುಂದೆ ಕೂರುವುದಿಲ್ಲವೆಂದೂ ಅಮ್ಮನಿಗೆ ಹೇಳಿಬಿಟ್ಟಿದ್ದಳು. ಅಕ್ಕ ಹೇಳಿದ್ದನ್ನು ಮಾಡುವವಳು, ಅದೇ ಅಮ್ಮನ ಭಯ.

ಒಪ್ಪುವೀಳ್ಯವೆಂದರೆ ಹುಡುಗಿಯ ಮನೆಯ ಚಪ್ಪರದಲ್ಲಿ ಎರಡೂ ಕಡೆಯವರು ಕೂತು, ಗಂಡಿನ ಕಡೆಯ ಮನೆಗಳ ಯಜಮಾನರನ್ನು ಒಬ್ಬೊಬ್ಬರನ್ನಾಗಿ ಹೆಸರು ಹಿಡಿದು ಕೂಗಿ, ಎಲೆ ಅಡಿಕೆಯ ತಟ್ಟೆ ಕೈಗೆ ಕೊಡುವುದು. ಎಲ್ಲರೂ ತೆಗೆದುಕೊಂಡರೆ ಸಂಬಂಧ ಗಟ್ಟಿ. ತೆಗೆದುಕೊಂಡ ವೀಳ್ಯವನ್ನು ವಾಪಸು ಕೇಳುವ ಹಾಗಿಲ್ಲ, ಒಬ್ಬರು ಬೇಡವೆಂದರೆ ಎಲ್ಲವೂ ಬೇಡ. ತಿಗನಾರೆಯವರದು ಐದು ಮನೆ, ಅದರಲ್ಲಿ ದೊಡ್ಡಮನೆಯ ಮಾದಪ್ಪನವರು ಶಿವಣ್ಣನ ದೊಡ್ಡಪ್ಪ, ಮೊದಲ ವೀಳ್ಯ ಅವರದು. ಅವರ ತಾತನಿಗೂ ಮೊದಲ ವೀಳ್ಯವೇ ಇತ್ತಂತೆ. ನಮ್ಮ ಕಡೆ ಹೆಸರು ಕೂಗುವವನು ನನ್ನ ದೊಡ್ಡಪ್ಪ. ಆ ದಿನ ಬೆಳಗ್ಗೆ ಅವನ ದವಡೆ ಊದಿ ಕುಂಬಳಕಾಯಿ ಆಗಿತ್ತು. ಅಪ್ಪ ನನ್ನನ್ನು ಕರೆದು “ಊರವ್ರ್ನೆಲ್ಲ ಅಣಕಿಸ್ಕಂಡು ಬಾಯಿ ಬೆಳ್ಸಿದ್ದೀಯಲ್ಲ, ಇವತ್ತು ಒಂದಿನ ಮನಗ ಉಪಯೋಗ ಆಗ್ಲಿ, ನೀನೇ ಕೂಗು” ಎಂದ. ದೊಡ್ಡಪ್ಪ ಮಾತಾಡಲಾರದೆ ಬೆರಳು ಮಡಚಿ ಮಡಚಿ ಸರದಿ ತೋರಿಸಿದ. ನನಗೆ ಚೆನ್ನಾಗಿಯೇ ತಿಳಿಯಿತು. ಹೆಬ್ಬೆರಳು ಮಾದಪ್ಪ.

ಕಂಬದ ಪಕ್ಕ ನಿಂತೆ. ಎದುರಿಗೆ ಕಂಬಳಿಯ ಮೇಲೆ ಐವರು, ಪಕ್ಕದಲ್ಲಿ ಐದು ತಟ್ಟೆ. ಅಪ್ಪ ಕರೆದಿದ್ದರಿಂದ ಆರ್ಮುಗಂ ಸಾರ್ ಕೂಡ ಬಂದು ಮಫ್ಲರು ಸುತ್ತಿ ಕಜ್ಜಾಯದ ತಟ್ಟೆಯ ಹತ್ತಿರ ಕೂತಿದ್ದರು. ಅವರ ಮುಖ ಕಂಡದ್ದೇ ತಡ, ತಲೆಯೊಳಗೆ ದೀಪ ಹತ್ತಿತು. ಐದು ಜನ, ಐದು ವೀಳ್ಯ, ಐವರಿಗೂ ಕೊಡಲೇಬೇಕು. ಐದರಲ್ಲಿ ಐದನ್ನು ಆರಿಸಲು ಎಷ್ಟು ದಾರಿ? ಒಂದೇ. ಒಂದೇ ದಾರಿ ಇರುವಾಗ ತಪ್ಪುವುದಾದರೂ ಹೇಗೆ? ದೊಡ್ಡಪ್ಪನ ಬೆರಳುಗಳ ಮೇಲೆ ನನಗೆ ಕನಿಕರ ಬಂತು. ಪಾಪ, ಓದಿಲ್ಲ. ಹತ್ತಿರದಲ್ಲಿದ್ದವರಿಂದ ಶುರುಮಾಡಿದರೆ ತಟ್ಟೆ ಕೊಡುವವನಿಗೆ ನಡೆಯುವುದು ಕಡಿಮೆ ಎಂದು ಲೆಕ್ಕ ಹಾಕಿ, ದೊಡ್ಡಪ್ಪನ ದನಿಯನ್ನೇ ಎತ್ತಿಕೊಂಡು, ಬಾಗಿಲ ಕಡೆಯ ತುದಿಯಲ್ಲಿದ್ದ ಎಲ್ಲರಿಗಿಂತ ಚಿಕ್ಕ ಮನೆಯ ಪುಟ್ಟಸ್ವಾಮಿಯನ್ನು ಮೊದಲು ಕೂಗಿದೆ.

ಪುಟ್ಟಸ್ವಾಮಿ ಹಿಂದೆ ತಿರುಗಿ ನೋಡಿದ. ಹಿಂದೆ ಕಂಬವಿತ್ತು. “ನನ್ಗಾ?” ಎಂದ. ಬಿಸಿ ಮುದ್ದೆ ಹಿಡಿದವನ ಹಾಗೆ ತಟ್ಟೆಯನ್ನು ಅಂಗೈಯಿಂದ ಅಂಗೈಗೆ ಬದಲಾಯಿಸುತ್ತ ಕೂತ. ನಾನು ಉತ್ಸಾಹದಲ್ಲಿ ಎರಡು, ಮೂರು, ನಾಲ್ಕು ಕೂಗಿದೆ. ಚಪ್ಪರದಲ್ಲಿ ಸದ್ದಡಗಿತು. ಅಷ್ಟು ಚೆನ್ನಾಗಿ ಕೂಗುತ್ತಿದ್ದೇನೆಂದು ನಾನು ತಿಳಿದೆ. ಐದನೆಯದಾಗಿ “ದೊಡ್ಡಮನೆ ಯಜಮಾನ್ರು ಮಾದಪ್ಪನೋರ್ಗೆ” ಎಂದು ಎಳೆದು ರಾಗ ಹಾಕಿದಾಗ ಮಾದಪ್ಪನವರು ತಟ್ಟೆಯನ್ನು ಮುಟ್ಟಲಿಲ್ಲ. ಎದ್ದರು. ಟವೆಲ್ಲನ್ನು ಒಮ್ಮೆ ಕೊಡವಿ ಹೆಗಲಿಗೆ ಹಾಕಿಕೊಂಡರು. ನಮ್ಮ ಕಡೆ ಟವೆಲ್ಲು ಕೊಡವುವುದಕ್ಕೆ ವಿವರಣೆ ಬೇಕಿಲ್ಲ. ನಾಲ್ವರೂ ವೀಳ್ಯ ಕೈಲಿ ಹಿಡಿದುಕೊಂಡೇ ಎದ್ದು ನಿಂತರು.

“ನಡೀರ್ಲಾ,” ಎಂದರು ಮಾದಪ್ಪನವರು. “ಬಸ್ ಬಂದ್ಬುಡ್ತದ.”

ಅಪ್ಪ ಓಡಿಬಂದು ಕೈಮುಗಿದ. “ಅಣ್ಣ, ತಪ್ಪಾಯ್ತು. ಉಡ್ಗ ತಿಳೀದೆ ಕೂಗ್ಬುಟ್ಟ.”

ಇಲ್ಲಿಗೆ ನಾನು ಬಾಯಿ ಮುಚ್ಚಿದ್ದರೆ ಬಹುಶಃ ಮುಗಿಯುತ್ತಿತ್ತು. ಆದರೆ ತಿಳಿದು ಮಾಡಿದ್ದನ್ನು ತಿಳಿಯದೆ ಎಂದರೆ ಓದಿದವನು ಹೇಗೆ ಸಹಿಸುವುದು? “ತಿಳಿದೇ ಕೂಗಿದ್ದು ಕಣಪ್ಪ,” ಎಂದೆ. “ಐದರಲ್ಲಿ ಐದ್ನೂ ಆರ್ಸಕ್ಕೆ ಒಂದೇ ದಾರಿ. ಸರದಿ ಲೆಕ್ಕಕ್ಕಿಲ್ಲ.”

“ಯಾರ ಲೆಕ್ಕಕ್ಕಿಲ್ಲ?” ಎಂದರು ಮಾದಪ್ಪನವರು.

“ಗಣಿತದ ಲೆಕ್ಕಕ್ಕೆ.”

“ಅದ್ಯಾರ್ಲಾ ನಿಂಗ ಯೇಳ್ಕೊಟ್ಟೋರು?”

ನಾನು ತೋರಿಸಿದೆ. ಸಾರ್ ಕೈಯಲ್ಲಿದ್ದ ಕಜ್ಜಾಯ ಬಾಯಿಗೆ ನಾಲ್ಕು ಬೆರಳು ದೂರದಲ್ಲಿ ನಿಂತುಹೋಯಿತು. ಇಡೀ ಚಪ್ಪರ ಮಫ್ಲರಿನ ಕಡೆ ತಿರುಗಿತು. ಪಾಪ, ಅವರು ಕಜ್ಜಾಯವನ್ನು ಹಾಗೆಯೇ ಹಿಡಿದುಕೊಂಡು ಎದ್ದರು. “ಅಯ್ಯಾ, ನಾನು ಹೇಳಿದ್ದು ಕಮಿಟಿಗೆ. ಇದು ಕಮಿಟಿ ಇಲ್ಲ. ಇಲ್ಲಿ ವರಿಸೆ ಮುಖ್ಯ. ಇದು ಪರ್ಮುಟೇಷನ್.”

“ಅಂಗಂದ್ರ ಇವ್ನು ಎಷ್ಟು ತರದಲ್ಲಿ ಕೂಗ್ಬೋದಾಗಿತ್ತು ಮೇಷ್ಟ್ರೆ?” ಎಂದರು ಮಾದಪ್ಪನವರು.

ಸಾರ್ ನಮ್ಮ ಬೆಟ್ಟಕ್ಕೆ ಬಂದ ಮೇಲೆ ಯಾರಾದರೂ ತಾವಾಗಿ ಅವರನ್ನು ಒಂದು ಲೆಕ್ಕ ಕೇಳಿದ್ದು ಅದೇ ಮೊದಲು. ನಾವಂತೂ ಕೇಳಿದವರಲ್ಲ. ಅವರ ಮುಖ ಅರಳಿಬಿಟ್ಟಿತು. “ನೂರಿಪ್ಪತ್ತು,” ಎಂದರು.

“ಅದ್ರಲ್ಲಿ ನನ್ನ ಮದ್ಲು ಕೂಗೋದು?”

“ಇಪ್ಪತ್ನಾಲ್ಕು.”

ಮಾದಪ್ಪನವರು ಸುತ್ತಲೂ ನೋಡಿದರು. “ಕೇಳುದ್ರಾ. ನನ್ನ ಮದ್ಲು ಕೂಗಕ್ಕ ಇಪ್ಪತ್ನಾಲ್ಕು ತರ ಇತ್ತಂತ. ಒಂದೂ ಸಿಕ್ನಿಲ್ವಲ್ಲ ಇವ್ನಿಗ.”

“ಕೊನೆಗೆ ಕೂಗಕ್ಕೂ ಇಪ್ಪತ್ನಾಲ್ಕೇ ಕಣ್ ಮಾವ,” ಎಂದೆ ನಾನು, ಪಕ್ಷಪಾತವಾಗಬಾರದೆಂದು. ದೊಡ್ಡಪ್ಪ ಊದಿದ ದವಡೆಯಿಂದಲೇ ಒಂದು ಶಬ್ದ ಮಾಡಿದ. ಅದನ್ನು ಇವತ್ತಿಗೂ ನನ್ನಿಂದ ಅಣಕಿಸಲಾಗಿಲ್ಲ.

ಸಾರ್ ದಾರಿಗಳನ್ನು ಹುಡುಕತೊಡಗಿದರು. ಎಲ್ಲ ವಾಪಸು ತಗೊಂಡು ಮೊದಲಿಂದ ಕೂಗಿದರೆ? ಕೊಟ್ಟ ವೀಳ್ಯ ವಾಪಸು ಕೇಳುವುದುಂಟೇ, ಎಂದು ಎರಡೂ ಕಡೆಯವರು ಒಟ್ಟಿಗೆ ಗದರಿದರು. ಆ ದಿನ ಎರಡೂ ಕಡೆಯವರಿಗೆ ಒಮ್ಮತ ಬಂದದ್ದು ಅದೊಂದರಲ್ಲಿ. ಎಲ್ಲರೂ ವೃತ್ತಾಕಾರವಾಗಿ ಕೂತರೆ? ವೃತ್ತದಲ್ಲಿ ಮೊದಲು, ಕೊನೆ ಎಂಬುದೇ ಇಲ್ಲ, ಎಂದು ಸಾರ್ ಕಜ್ಜಾಯವನ್ನೇ ಎತ್ತಿ ಹಿಡಿದು ತೋರಿಸಿದರು. “ಸುತ್ಕಂಡು ಕೂತ್ರೂ ತಟ್ಟೆ ಯಾರ್ದಾರ ಮುಂದ್ಲಿಂದ್ಲೇ ಒರಡ್ಬೇಕಲ್ಲ ಮೇಷ್ಟ್ರೆ” ಎಂದ ಪುಟ್ಟಸ್ವಾಮಿ, ತನ್ನ ತಟ್ಟೆಯನ್ನು ಬೆನ್ನ ಹಿಂದೆ ಬಚ್ಚಿಡುತ್ತ. ಸಾರ್ ನನ್ನ ಕಿವಿಯ ಹತ್ತಿರ ಬಗ್ಗಿ ಮೆಲ್ಲಗೆ, “ಆ ಕಮಿಟಿ ಲೆಕ್ಕಕ್ಕೆ ಪೂರ್ತಿ ಮಾರ್ಕು ಹಾಕ್ತೀನಪ್ಪಾ, ನೀನು ಬರೆದದ್ದೇ ಸರಿ. ನನ್ನ ಹಿಂದಿನ ಬಾಗಿಲಿಂದ ಕಳಿಸಿಕೊಡು” ಎಂದರು.

ನಾನು ಹಿಂದಿನ ಬಾಗಿಲ ಕಡೆ ನೋಡಿದೆ. ಅಲ್ಲಿ ಅಕ್ಕ ನಿಂತಿದ್ದಳು. ಹೊಸ ಸೀರೆ, ತಲೆತುಂಬ ಹೂವು, ಕಣ್ಣಲ್ಲಿ ನೀರು ಇನ್ನೂ ಬಿದ್ದಿರಲಿಲ್ಲ, ಅಂಚಿನಲ್ಲಿತ್ತು. ಅಲ್ಲಿಯವರೆಗೆ ನನಗೆ ಎಲ್ಲವೂ ಒಂದು ಬಗೆಯ ಆಟವಾಗಿಯೇ ಇತ್ತು. “ಇವತ್ತು ಇವ್ರು ಎದ್ದೋದ್ರ,” ಎಂದಳು ಹಲ್ಲು ಕಚ್ಚಿ, “ನಿನ್ನ ಕೈಕಾಲ್ನ ಎಷ್ಟು ತರ ಜೋಡಿಸ್ಬೋದು ಅಂತ ನಾನು ತೋರುಸ್ತೀನಿ ಕಣ್ಲಾ.” ದನಿ ನಡುಗಿತು. ಶಿವಣ್ಣ ಚಪ್ಪರದ ಆ ತುದಿಯಲ್ಲಿ ಮಾದಪ್ಪನವರ ಟವೆಲ್ಲನ್ನೂ ಅಕ್ಕ ನಿಂತಿದ್ದ ಬಾಗಿಲನ್ನೂ ಬದಲಿಸಿ ಬದಲಿಸಿ ನೋಡುತ್ತಿದ್ದ. ಆನೆ ಬಂದರೆ ಓಡುತ್ತೇನೆಂದವನು ಅಲ್ಲಿಂದ ಒಂದು ಹೆಜ್ಜೆಯೂ ಕದಲಲಿಲ್ಲ.

ನಾನು ಹೋಗಿ ಮಾದಪ್ಪನವರ ಮುಂದೆ ನಿಂತೆ. ಅಣಕಿಸಲು ಯಾರ ದನಿಯೂ ಬಾಯಿಗೆ ಬರಲಿಲ್ಲ, ನನ್ನದೇ ಬಂತು, ಅದೂ ಕೀರಲಾಗಿ. “ನಂದೇ ತಪ್ಪು ಮಾವ. ದೊಡ್ಡಪ್ಪ ಸರ್ಯಾಗೇ ಯೇಳ್ಕೊಟ್ಟಿದ್ದ. ನಾನೇ ಬುದ್ವಂತ ಅನ್ಕಂಬುಟ್ಟೆ.” ಅವರು ನನ್ನ ಕಡೆ ನೋಡದೆ ಚಪ್ಪಲಿ ಹುಡುಕುತ್ತಿದ್ದರು.

ಆಗ ಹೆಂಗಸರ ನಡುವಿನಿಂದ ಒಂದು ದನಿ ಬಂತು. ಮಾದಪ್ಪನವರ ತಾಯಿ ನಂಜಮ್ಮಜ್ಜಿ. ಹಲ್ಲಿಲ್ಲ, ಸೊಂಟವಿಲ್ಲ, ತಿಗನಾರೆಯಲ್ಲಿ ಮಾದಪ್ಪನವರು ಹೆದರುವ ಒಂದೇ ಜೀವ. ಬಂದಾಗಿನಿಂದ ಊಟ ಯಾವಾಗ ಎಂಬುದನ್ನು ಬಿಟ್ಟು ಬೇರೇನೂ ಕೇಳಿರಲಿಲ್ಲ. “ಆ ಉಡ್ಗನ್ನ ಇಲ್ಲಿ ಕರೀರಿ” ಎಂದಳು. ಹೋದೆ. ನನ್ನ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ, ಸಂತೆಯಲ್ಲಿ ಕರು ನೋಡುವ ಹಾಗೆ ಮೇಲಿನಿಂದ ಕೆಳಗಿನವರೆಗೆ ನೋಡಿದಳು. ಆಮೇಲೆ ಅಪ್ಪನನ್ನು ಕೇಳಿದಳು: “ನಿಂಗ ಎಷ್ಟು ಜನ ಮಕ್ಳಪ್ಪ?”

“ಇಬ್ರು ಕಣವ್ವ,” ಎಂದ ಅಪ್ಪ. “ಗೌರಿ, ಆಮೇಲ ಇಂವ.”

ಅಜ್ಜಿ ನನ್ನ ಗಲ್ಲ ಬಿಟ್ಟಳು. ಮಗನ ಕಡೆ ತಿರುಗಿದಳು.

“ಕೂತ್ಕಳ್ಲಾ ಮಾದ,” ಎಂದಳು. “ಇಬ್ರಲ್ಲಿ ಒಬ್ರ ಆರ್ಸ್ಕಬೇಕಾಗಿತ್ತು. ಸರ್ಯಾದ್ನೇ ಆರ್ಸ್ಕಂಡಿದ್ದೀವಿ.”